ಕೊಯ್ಲಿನಲ್ಲಿ ಬಡವರ ಪಾಲು

ಸಹೋದರರೇ, ವಿದೇಶಗಳ ಸೇಬಿನ ತೋಟಗಳಿಗೆ ಹಣ್ಣು ಕೀಳುವ ರೋಬೋಟ್‌ಗಳು ಬಂದಿವೆ. ನಮ್ಮ ಅಡಿಕೆ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದಲ್ಲೇ ನಿಂತು ಗೊನೆ ಕೊಯ್ಯಬಹುದು, ಮರದಿಂದ ಬೀಳುವ ಭಯವಿಲ್ಲ. ಜೀವ ಉಳಿಸುವ ಸಾಧನ ಅಲ್ಲಾಹನ ಅನುಗ್ರಹವೇ.

ಆದರೆ ಸೂರಃ ಅಲ್ ಕಲಮ್‌ನ 17ರಿಂದ 33ರವರೆಗಿನ ವಚನಗಳಲ್ಲಿ ಬರುವ ತೋಟದ ಒಡೆಯರನ್ನು ನೆನೆಯೋಣ. ಬಡವರು ಒಳಗೆ ಬಾರದಂತೆ ಅವರು ನಸುಕಿನಲ್ಲೇ ಗುಟ್ಟಾಗಿ ಕೊಯ್ಲಿಗೆ ಹೊರಟರು. ತಲುಪುವಾಗ ತೋಟವೇ ನಾಶವಾಗಿತ್ತು. ಬಡವನನ್ನು ಹೊರಗಿಡುವ ಆ ನಿಯ್ಯತ್ತು ದೋಟಿ ಹಿಡಿದವನಿಗೂ ಬರಬಹುದು.

ದೋಟಿ ಕೊಳ್ಳುವಾಗ, ವರ್ಷಗಟ್ಟಲೆ ನಮ್ಮ ಮರ ಹತ್ತಿದವರಿಗೇ ಅದರ ತರಬೇತಿ ಕೊಡಿಸೋಣ, ಕೆಲಸವನ್ನೂ ಮೊದಲು ಅವರಿಗೇ ಕೊಡೋಣ. ವಯಸ್ಸಾಗಿ ಕೈಸೋತವರ ಮನೆಗೆ, ಉಳಿತಾಯವಾದ ಕೂಲಿಯಿಂದ ಒಂದು ಪಾಲು ತಲುಪಿಸೋಣ. ಅಲ್ಲಾಹನು ತೌಫೀಕ್ ನೀಡಲಿ. ಆಮೀನ್.