ಎತ್ತಿ ಆಡಿಸಿದ ಕೈಗೆ ಸಂಬಳ

(ಮಂಗಳೂರಿನ ಬಿಜೈಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಬೌದ್ಧಿಕ ಅಸಾಮರ್ಥ್ಯವಿರುವ ವಯಸ್ಕರಿಗೆ ಶಿಶುಪಾಲನೆಯ ಕೆಲಸ ಕೊಡಬಹುದೇ? ಇಂದಿನ ನನ್ನ ವಿಷಯ ಇದು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೊಡಬಹುದು. ಜೊತೆಗೆ ಒಬ್ಬರನ್ನು ನಿಲ್ಲಿಸಿ, ಸಂಬಳ ಗೊತ್ತುಮಾಡಿ ಕೊಡಬೇಕು.

ಈ ಉತ್ತರ ನನಗೆ ಸಿಕ್ಕಿದ್ದು ನಮ್ಮ ಮನೆಯ ಬಚ್ಚಲಲ್ಲಿ. ನನ್ನ ತಂದೆಯ ತಂಗಿ, ನಮ್ಮ ಅತ್ತೆ, ಎರಡನೇ ತರಗತಿ ದಾಟಲಿಲ್ಲ. ಗಡಿಯಾರ ನೋಡಿ ಗಂಟೆ ಹೇಳಲು ಬಾರದು, ಚಿಲ್ಲರೆ ಎಣಿಸಲು ಬಾರದು. ಆದರೆ ಮನೆಯಲ್ಲಿ ಯಾರೇ ಹೆರಲಿ, ಮಗುವನ್ನು ಮೀಯಿಸಲು ಅತ್ತೆಯೇ ಬೇಕು. ಮಣೆಯ ಮೇಲೆ ಕುಳಿತು, ಕಾಲು ನೀಡಿ, ಎಣ್ಣೆ ತಿಕ್ಕಿದ ಮಗುವನ್ನು ಕಾಲ ಮೇಲೆ ಮಲಗಿಸಿಕೊಳ್ಳುವರು. ಹಂಡೆಯ ಬಿಸಿನೀರನ್ನು ಅವರು ಮುಟ್ಟುವಂತಿರಲಿಲ್ಲ; ಅದು ಅಜ್ಜಿಯ ಪಾಲು. ಅಜ್ಜಿ ತಣ್ಣೀರು ಬೆರೆಸಿ, ತಮ್ಮ ಮುಂಗೈಗೆ ಹೊಯ್ದು ಹದ ನೋಡಿ, ಚೊಂಬಿನಿಂದ ಸಣ್ಣಗೆ ಹೊಯ್ಯುವರು. ಮಗುವಿನ ಕತ್ತು ಅತ್ತೆಯ ಅಂಗೈಯಲ್ಲಿ. ಒಂದು ದಿನವೂ ಜಾರಲಿಲ್ಲ. ನಾವು ಆರು ಮಂದಿ ಮೊಮ್ಮಕ್ಕಳು ಆ ಕಾಲುಗಳ ಮೇಲೆಯೇ ಮಿಂದು ದೊಡ್ಡವರಾದೆವು.

ಜನಗಣತಿಗೆ ಬಂದ ಮೇಷ್ಟ್ರು, "ಇವರಿಗೇನು ಕೆಲಸ?" ಎಂದು ಕೇಳಿದಾಗ ಅಪ್ಪ, "ಏನೂ ಇಲ್ಲ, ಮನೆಯಲ್ಲೇ ಇರುತ್ತಾಳೆ" ಎಂದರು. ಆ ಹೊತ್ತಿಗೆ ಅತ್ತೆ ನನ್ನ ತಮ್ಮನ ತೊಟ್ಟಿಲು ತೂಗುತ್ತಿದ್ದರು. ಅಪ್ಪ ಕೆಟ್ಟವರಲ್ಲ; ತಂಗಿಯನ್ನು ಕೊನೆಯವರೆಗೂ ಸಾಕಿದರು. ಆದರೆ ಅವರ ಕಣ್ಣಿಗೆ ಆಕೆ ಸಾಕಬೇಕಾದವಳಾಗಿ ಕಂಡಳೇ ಹೊರತು ಸಾಕಿದವಳಾಗಿ ಕಾಣಲಿಲ್ಲ.

ಇಂದಿಗೂ ನಮ್ಮ ಮಾತಿನಲ್ಲೇ ಈ ದೋಷವಿದೆ. ಮೂವತ್ತೈದು ದಾಟಿದವರನ್ನೂ "ವಿಶೇಷ ಮಕ್ಕಳು" ಎನ್ನುತ್ತೇವೆ. ಪ್ರೀತಿಯಿಂದಲೇ ಅನ್ನುತ್ತೇವೆ. ಆದರೆ ಒಬ್ಬರನ್ನು ಜೀವಮಾನವಿಡೀ ಮಗು ಎಂದು ಕರೆದ ಮೇಲೆ ಅವರ ಕೈಗೆ ಮಗುವನ್ನು ಕೊಡುವ ಧೈರ್ಯ ಎಲ್ಲಿಂದ ಬರಬೇಕು?

ಕಾನೂನೂ ಬಹುಕಾಲ ಹೀಗೆಯೇ ಇತ್ತು. 1995ರ ಅಂಗವಿಕಲರ ಕಾಯಿದೆ ಬುದ್ಧಿಮಾಂದ್ಯವನ್ನು ವೈಕಲ್ಯದ ಪಟ್ಟಿಗೆ ಸೇರಿಸಿತು. ಉದ್ಯೋಗ ಮೀಸಲಾತಿಯ ಶೇ. 3ನ್ನು ಮಾತ್ರ ದೃಷ್ಟಿ, ಶ್ರವಣ ಮತ್ತು ಚಲನೆಯ ತೊಂದರೆ ಇರುವವರಿಗೆ ತಲಾ ಶೇ. 1ರಂತೆ ಹಂಚಿತು. ಬುದ್ಧಿಮಾಂದ್ಯರೆಂದು ಕರೆಸಿಕೊಂಡವರ ಪಾಲು ಸೊನ್ನೆ. ದುಡಿಯುವ ಹಕ್ಕನ್ನು 27ನೇ ವಿಧಿಯಲ್ಲಿ ಸಾರುವ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಬಳಿಕ 2016ರ ಹೊಸ ಕಾಯಿದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ವೈಕಲ್ಯಗಳ ಪಟ್ಟಿ 21ಕ್ಕೆ ಏರಿತು, ಸರಕಾರಿ ಹುದ್ದೆಗಳಲ್ಲಿ ಮೀಸಲಾತಿ ಶೇ. 4 ಆಯಿತು. ಅದರಲ್ಲಿ ಒಂದು ಪಾಲಿಗೆ ಆಟಿಸಂ, ಮಾನಸಿಕ ಕಾಯಿಲೆ ಮೊದಲಾದವುಗಳ ಜೊತೆ ಬೌದ್ಧಿಕ ಅಸಾಮರ್ಥ್ಯವೂ ಸೇರಿತು. 2011ರ ಜನಗಣತಿಯಲ್ಲಿ ಈ ಅಸಾಮರ್ಥ್ಯವಿದೆ ಎಂದು ದಾಖಲಾದವರೇ 15 ಲಕ್ಷಕ್ಕೂ ಹೆಚ್ಚು. ನಮ್ಮ ಅತ್ತೆಯಂತೆ ಲೆಕ್ಕಕ್ಕೆ ಸಿಗದವರು ಬೇರೆ.

ನಮ್ಮ ನಗರ ಈ ವಿಷಯದಲ್ಲಿ ಹಿಂದೆ ಬಿದ್ದುದಲ್ಲ. ಇಲ್ಲಿಗೆ ಹತ್ತಿರದ ಬೆಂದೂರಿನಲ್ಲಿ ಸಂತ ಆ್ಯಗ್ನೆಸ್ ವಿಶೇಷ ಶಾಲೆ 1970ರಲ್ಲೇ ಆರಂಭವಾಯಿತು. ಶಕ್ತಿನಗರದಲ್ಲಿ ಸಾನಿಧ್ಯ ವಸತಿ ಶಾಲೆಯಿದೆ. ಕಷ್ಟ ಇರುವುದು ಶಾಲೆ ಮುಗಿದ ಮೇಲೆ. ಕಾಗದದ ಚೀಲ, ಮೇಣದ ಬತ್ತಿ, ಫಿನಾಯಿಲ್: ಹದಿನೆಂಟು ತುಂಬಿದವರಿಗೆ ನಾವು ಕಲ್ಪಿಸಿಕೊಳ್ಳುವ ಕೆಲಸ ಹೆಚ್ಚಾಗಿ ಅಷ್ಟಕ್ಕೇ ನಿಲ್ಲುತ್ತದೆ. ಅಲೀನಾ ಆಲಂ 2017ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭಿಸಿದ ಮಿಟ್ಟಿ ಕೆಫೆ ಈ ಗೆರೆಯನ್ನು ದಾಟಿತು. ಬೌದ್ಧಿಕ ಅಸಾಮರ್ಥ್ಯವಿರುವವರೂ ಸೇರಿದಂತೆ ವಿಕಲಚೇತನರೇ ನಡೆಸುವ ಅದರ ಶಾಖೆ 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣಕ್ಕೂ ಹೋಯಿತು. ಅವರು ತಂದ ಚಹಾ ಕುಡಿಯಲು ನ್ಯಾಯಮೂರ್ತಿಗಳು ಹಿಂಜರಿಯಲಿಲ್ಲ. ಚಹಾ ಸರಿ, ಮಗುವನ್ನು ಕೊಡಬಹುದೇ ಎಂಬುದು ಮುಂದಿನ ಪ್ರಶ್ನೆ.

ಅರ್ಜೆಂಟೀನಾದ ಕಾರ್ಡೊಬಾ ನಗರ ಅದಕ್ಕೆ ಉತ್ತರ ಕೊಟ್ಟಿದೆ. ಡೌನ್ ಸಿಂಡ್ರೋಮ್ ಇರುವ ನೊಯೆಲಿಯಾ ಗರೆಲ್ಲಾ ಅಲ್ಲಿನ ಶಿಶುವಿಹಾರವೊಂದರಲ್ಲಿ ಎರಡು ಮೂರು ವರ್ಷದ ಮಕ್ಕಳಿಗೆ ಶಿಕ್ಷಕಿಯಾದರು. 2016ರಲ್ಲಿ ಜಗತ್ತಿನ ಪತ್ರಿಕೆಗಳು ಅವರ ಕಥೆಯನ್ನು ಬರೆದವು. ಅವರು ಮಗುವಾಗಿದ್ದಾಗ ಒಂದು ಶಿಶುವಿಹಾರ ಅವರನ್ನು ಸೇರಿಸಿಕೊಳ್ಳದೆ ಬಾಗಿಲು ಹಾಕಿತ್ತು. ದೊಡ್ಡವರಾದ ಮೇಲೆ ಅಂಥದೇ ಬಾಗಿಲಲ್ಲಿ ನಿಂತು ಅವರು ಮಕ್ಕಳನ್ನು ಒಳಗೆ ಕರೆದುಕೊಂಡರು.

"ಅಪಾಯವಾದರೆ?" ಎಂದು ತಾಯಂದಿರು ಕೇಳಿಯೇ ಕೇಳುತ್ತಾರೆ. ಕೇಳಬೇಕಾದದ್ದೇ. ನಮ್ಮ ಬಚ್ಚಲಲ್ಲಿ ಬಿಸಿನೀರು ಅಜ್ಜಿಯ ಕೈಯಲ್ಲಿತ್ತು ಎಂಬುದನ್ನು ಮರೆಯಬೇಡಿ. ಔಷಧ, ಒಲೆ, ಮಗುವನ್ನು ಯಾರ ಜೊತೆ ಮನೆಗೆ ಕಳಿಸಬೇಕೆಂಬ ತೀರ್ಮಾನ ಇವು ಮೇಲ್ವಿಚಾರಕಿಯ ಪಾಲು. ತುತ್ತು ಉಣಿಸುವುದು, ಕೈ ತೊಳೆಸುವುದು, ಬಟ್ಟೆ ಬದಲಿಸುವುದು, ಆಟಕ್ಕೆ ಕೂರುವುದು, ತಟ್ಟಿ ಮಲಗಿಸುವುದು ಬೌದ್ಧಿಕ ಅಸಾಮರ್ಥ್ಯವಿರುವ ಸಹಾಯಕರ ಪಾಲು. ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಚಿತ್ರ ಬರೆದು ಗೋಡೆಗೆ ಅಂಟಿಸಿ, ದಿನವೂ ಅದೇ ಕ್ರಮದಲ್ಲಿ ಮಾಡಿಸಿದರೆ ಕೈಗೆ ರೂಢಿಯಾಗುತ್ತದೆ. ಯಾರೂ ಒಂಟಿಯಾಗಿ ಮುಚ್ಚಿದ ಕೋಣೆಯಲ್ಲಿ ಮಗುವಿನೊಡನೆ ಇರಬಾರದು. ಈ ನಿಯಮ ಎಲ್ಲ ಸಿಬ್ಬಂದಿಗೂ ಇರಲಿ; ಅದು ಮಗುವನ್ನೂ ಕಾಯುತ್ತದೆ, ಕೆಲಸದವರನ್ನೂ ಕಾಯುತ್ತದೆ. ಬೌದ್ಧಿಕ ಅಸಾಮರ್ಥ್ಯವಿರುವ ಎಲ್ಲರಿಗೂ ಈ ಕೆಲಸ ಒಗ್ಗುತ್ತದೆಂದು ನಾನು ಹೇಳುವುದಿಲ್ಲ. ಮಕ್ಕಳ ಗಲಾಟೆ ತಾಳದವರಿದ್ದಾರೆ, ಬೇರೆ ಕೆಲಸ ಬಯಸುವವರಿದ್ದಾರೆ. ಅವರನ್ನು ಕೇಳಿಯೇ ತೀರ್ಮಾನಿಸಬೇಕು.

ಮನೆಯಲ್ಲಿ ಅಜ್ಜಿಯರು ಇಲ್ಲದ ಕಾಲವಿದು. ಬೆಳಿಗ್ಗೆ ಬಿಜೈಯ ಕೆ.ಎಸ್.ಆರ್.ಟಿ.ಸಿ. ನಿಲ್ದಾಣದ ಆಸುಪಾಸಿನಲ್ಲಿ ನಿಂತರೆ ಕೆಲಸಕ್ಕೆ ಓಡುವ ಎಷ್ಟು ತಾಯಂದಿರು! 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕೆಂದು ಹೆರಿಗೆ ಸೌಲಭ್ಯ ಕಾಯಿದೆಯ 2017ರ ತಿದ್ದುಪಡಿ ಹೇಳಿತು. ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿ ಕೂಲಿಕಾರರ ಮಕ್ಕಳಿಗಾಗಿ ನಮ್ಮ ಸರಕಾರ 'ಕೂಸಿನ ಮನೆ'ಗಳನ್ನು ತೆರೆದಿದೆ. ಮಗು ನೋಡಿಕೊಳ್ಳಲು ತಾಳ್ಮೆಯ ಕೈಗಳು ಬೇಕಾಗಿವೆ, ಆ ಕೈಗಳು ನಮ್ಮ ಮನೆಗಳ ಒಳಗೇ ಕುಳಿತಿವೆ.

ಈ ಸಭೆಯಲ್ಲಿ ಶಿಶುವಿಹಾರ ನಡೆಸುವವರಿದ್ದರೆ ನನ್ನದೊಂದು ಬೇಡಿಕೆ. ಬರುವ ಜೂನಿನಲ್ಲಿ ಒಂದೇ ಒಂದು ಹುದ್ದೆಯನ್ನು ಬೌದ್ಧಿಕ ಅಸಾಮರ್ಥ್ಯವಿರುವ ಒಬ್ಬರಿಗಾಗಿ ತೆರೆಯಿರಿ. ಅರ್ಧ ದಿನದ್ದಾದರೂ ಸಾಕು. ಜೊತೆಗೆ ನಿಂತು ಕಲಿಸುವ ಒಬ್ಬರು ಇರಲಿ, ಹಾಜರಿ ಪುಸ್ತಕದಲ್ಲಿ ಅವರ ಹೆಸರಿರಲಿ, ತಿಂಗಳ ಕೊನೆಗೆ ಸಂಬಳ ಅವರದೇ ಖಾತೆಗೆ ಹೋಗಲಿ. ಮತ್ತೆ ಗಣತಿಯವರು ಬಾಗಿಲಿಗೆ ಬಂದು "ಇವರಿಗೇನು ಕೆಲಸ?" ಎಂದು ಕೇಳಿದಾಗ, ಅಣ್ಣನ ಬಾಯಿಗೆ ಕಾಯದೆ ತಂಗಿಯೇ ಉತ್ತರ ಹೇಳುವಂತಾಗಲಿ.