ಮನೆಯಲ್ಲಿ ಕಾಗದವನ್ನು ಮಾಡುವ ಬಗೆ



ನಮ್ಮ ಹಿರಿಯರು ಕಾವ್ಯಗಳನ್ನು ಓಲೆಗರಿಯಲ್ಲಿ ಕಂಟದಿಂದ ಬರೆದರು. ಅಂಗಡಿಯ ಲೆಕ್ಕವನ್ನು ಕಡತದಲ್ಲಿ ಬಳಪದಿಂದ ಬರೆದರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಮಡಿಸಿದುದೇ ಕಡತ. ಅದರಲ್ಲಿ ಅಳಿಸಿ ಪುನಃ ಬರೆಯಬಹುದಾಗಿದ್ದಿತು. ಈಗಲಾದರೋ, ವರ್ಷಾಂತ್ಯದ ಪರೀಕ್ಷೆ ಮುಗಿಯಿತೆಂದರೆ ಮಕ್ಕಳ ನೋಟ್‌ಪುಸ್ತಕಗಳು ಅರ್ಧ ಬರೆದವು ಅರ್ಧ ಬರೆಯದವು ಎಂಬ ಭೇದವಿಲ್ಲದೆ ರದ್ದಿಗೆ ಹೋಗುತ್ತವೆ. ಸುಲಭವಾಗಿ ದೊರೆತುದರ ಬೆಲೆ ತಿಳಿಯದು. ಅದನ್ನು ತಿಳಿಯುವುದಕ್ಕೆ ಒಂದು ಹಾಳೆಯನ್ನಾದರೂ ನಮ್ಮ ಕೈಯಿಂದ ಮಾಡಿ ನೋಡುವುದು ಒಳ್ಳೆಯ ಉಪಾಯ.

ಕಾಗದವು ಹುಟ್ಟಿದ್ದೇ ಹಳೆಯ ಪದಾರ್ಥಗಳಿಂದ. ಕ್ರಿ.ಶ. 105ರಲ್ಲಿ ಚೀನಾದೇಶದ ಚಾಯ್ ಲುನ್ ಎಂಬಾತನು ಮರದ ತೊಗಟೆ, ಚಿಂದಿಬಟ್ಟೆ, ಹಳೆಯ ಮೀನುಬಲೆ ಇವುಗಳಿಂದ ಕಾಗದವನ್ನು ಮಾಡಿ ಚಕ್ರವರ್ತಿಗೆ ಅರ್ಪಿಸಿದನೆಂದು ಅಲ್ಲಿಯ ಚರಿತ್ರೆ ಹೇಳುತ್ತದೆ. ನಮ್ಮ ದೇಶದಲ್ಲಿ 1934ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಕೈಕಾಗದವನ್ನು ತನ್ನ ಕಸುಬುಗಳಲ್ಲಿ ಒಂದಾಗಿ ಎತ್ತಿಕೊಂಡಿತು.

ಇನ್ನು ಕ್ರಮವನ್ನು ಹೇಳುವೆವು. ಮೊದಲು ಹಳೆಯ ಪುಸ್ತಕಗಳಲ್ಲಿ ಬರೆಯದೆ ಉಳಿದ ಹಾಳೆಗಳನ್ನು ಬೇರ್ಪಡಿಸಿ ಹೊಲಿದಿಡಬೇಕು. ಅವು ಆಗಲೇ ಕಾಗದವಾಗಿವೆಯಷ್ಟೆ. ಬರೆದ ಹಾಳೆಗಳಿಂದ ಪಿನ್ನುಗಳನ್ನು ತೆಗೆದು, ಅಂಗುಲದಷ್ಟು ಚೂರುಗಳಾಗಿ ಹರಿದು, ಒಂದು ರಾತ್ರಿ ನೀರಿನಲ್ಲಿ ನೆನೆಯಿಡತಕ್ಕದ್ದು. ಮೇಣವನ್ನಾಗಲಿ ಪ್ಲಾಸ್ಟಿಕ್ಕನ್ನಾಗಲಿ ಬಳಿದ ಕಾಗದವು ಸಲ್ಲದು. ಬೆಳಿಗ್ಗೆ ಒಂದೊಂದು ಹಿಡಿಯನ್ನು ಧಾರಾಳವಾದ ನೀರಿನೊಡನೆ ಮಿಕ್ಸಿಯಲ್ಲಾಗಲಿ ಒರಳಿನಲ್ಲಾಗಲಿ ನುಣ್ಣಗೆ ಅರೆಯಬೇಕು.

ಈ ತಿರುಳನ್ನು ಅಗಲವಾದ ಟಬ್ಬಿಗೆ ಸುರಿದು, ತೆಳುವಾದ ಗಂಜಿಯಂತಾಗುವಷ್ಟು ನೀರನ್ನು ಕೂಡಿಸಬೇಕು. ಹಳೆಯ ಪಟದ ಚೌಕಟ್ಟಿಗೆ ಸೊಳ್ಳೆಜಾಲರಿಯನ್ನು ಬಿಗಿಯಾಗಿ ಹೊಡೆದರೆ ಅಚ್ಚು ಸಿದ್ಧವಾಯಿತು. ತಿರುಳು ತಳಕ್ಕೆ ಇಳಿಯದಂತೆ ಕೈಯಿಂದ ಕದಡಿ, ಚೌಕಟ್ಟನ್ನು ನೆಟ್ಟಗೆ ಇಳಿಸಿ, ನೀರೊಳಗೆ ಮಟ್ಟಸವಾಗಿ ತಿರುಗಿಸಿ, ಮೆಲ್ಲನೆ ಮೇಲಕ್ಕೆತ್ತಬೇಕು. ನೀರು ಸೋರುತ್ತಿರುವಾಗಲೇ ಎಡಕ್ಕೂ ಬಲಕ್ಕೂ, ಹಿಂದಕ್ಕೂ ಮುಂದಕ್ಕೂ ಒಂದಿಷ್ಟು ಅಲುಗಿಸಿದರೆ ನಾರುಗಳು ಒಂದರೊಡನೊಂದು ಹೆಣೆದುಕೊಳ್ಳುವುವು. ಅನಂತರ ಒದ್ದೆಮಾಡಿದ ಹತ್ತಿಬಟ್ಟೆಯ ಮೇಲೆ ಚೌಕಟ್ಟನ್ನು ಬೋರಲು ಹಾಕಿ, ಜಾಲರಿಯ ಹಿಂಬದಿಯನ್ನು ಸ್ಪಂಜಿನಿಂದ ಒತ್ತಿ ನೀರನ್ನು ಹೀರಿದರೆ ಹಾಳೆಯು ಬಟ್ಟೆಗೆ ಇಳಿಯುವುದು. ಅದರ ಮೇಲೆ ಇನ್ನೊಂದು ಬಟ್ಟೆಯನ್ನು ಹೊದಿಸಿ, ಲಟ್ಟಣಿಗೆಯನ್ನು ಉರುಳಿಸಿ, ಹಲಗೆಯನ್ನಿಟ್ಟು ಭಾರವನ್ನು ಹೇರಿ, ಬಳಿಕ ಬಟ್ಟೆಯ ಸಮೇತ ನೆರಳಿನಲ್ಲಿ ಒಣಗಿಸತಕ್ಕದ್ದು.

ಅಂಟು ಹಾಕದೆ ಹಾಳೆಯು ನಿಲ್ಲುವುದು ಹೇಗೆಂದು ಕೆಲವರು ಕೇಳಬಹುದು. ನೀರು ಆರಿದ ಹಾಗೆಲ್ಲಾ ನಾರುಗಳು ಹತ್ತಿರ ಸರಿದು, ತಮ್ಮಲ್ಲಿಯ ಸೆಲ್ಯುಲೋಸಿನ ಜಲಜನಕದ ಬಂಧದಿಂದ ತಾವೇ ಅಂಟಿಕೊಳ್ಳುತ್ತವೆ. ಆದರೆ ಇಂಥ ಹಾಳೆಯ ಮೇಲೆ ಶಾಯಿಯು ಹರಡುವುದು. ಅನ್ನದ ತಿಳಿಗಂಜಿಯನ್ನು ಬಳಿದು ಒಣಗಿಸಿ, ನಯವಾದ ಕಲ್ಲಿನಿಂದಲೋ ಕವಡೆಯಿಂದಲೋ ಉಜ್ಜಿದರೆ ಬರೆಯಲು ಯೋಗ್ಯವಾಗುವುದು. ಮಿಕ್ಕ ತಿರುಳನ್ನು ಬಚ್ಚಲಿಗೆ ಚೆಲ್ಲಕೂಡದು, ಕೊಳವೆ ಕಟ್ಟಿಕೊಳ್ಳುವುದು. ಹಿಂಡಿ ಉಂಡೆಮಾಡಿ ಒಣಗಿಸಿಟ್ಟರೆ ಮುಂದಿನ ಸಲಕ್ಕೆ ಒದಗುವುದು.

ಇದರಿಂದ ಮನೆಯ ಕಾಗದದ ಖರ್ಚೆಲ್ಲವೂ ತೀರುವುದೆಂದು ನಾವು ಹೇಳುವುದಿಲ್ಲ. ಅರೆದ ಪ್ರತಿಸಲವೂ ನಾರು ಗಿಡ್ಡವಾಗಿ ಬಲಗುಂದುವುದು. ಆದುದರಿಂದ ಒಂದೇ ಕಾಗದವನ್ನು ಕೊನೆಯಿಲ್ಲದೆ ಹೊಸದು ಮಾಡಲಾಗದು. ಹಾಗಿರುವಲ್ಲಿ ಮೊದಲನೆಯ ಉಳಿತಾಯವು ಟಬ್ಬಿನಲ್ಲಿಲ್ಲ, ಹಾಳೆಯ ಎರಡು ಮಗ್ಗುಲನ್ನೂ ಬರೆದು ಮುಗಿಸುವುದರಲ್ಲಿದೆ. ಒಂದು ಹಾಳೆಗೆ ಎಷ್ಟು ನೀರು, ಎಷ್ಟು ಶ್ರಮ, ಎಷ್ಟು ತಾಳ್ಮೆ ಬೇಕೆಂದು ಕೈಯಾರೆ ಕಂಡ ಮಗುವು ಖಾಲಿ ಹಾಳೆಯನ್ನು ಹರಿದೆಸೆಯುವ ಮುನ್ನ ಒಂದು ಕ್ಷಣ ನಿಲ್ಲುವುದು. ಬರುವ ಭಾನುವಾರ ಮಕ್ಕಳನ್ನು ಕೂಡಿಸಿಕೊಂಡು ಇದನ್ನು ಪ್ರಯತ್ನಿಸಿ ನೋಡಬೇಕೆಂದು ಕೋರುತ್ತೇವೆ.