ಬೀಗ ಹಾಕಿದ ಮನೆಯ ತಲೆಯೆಣಿಕೆ



ರಾಯಚೂರಿನಿಂದ ದೇವದುರ್ಗದ ಬಸ್ಸು ಹತ್ತಿದರೆ ದಾರಿಯಲ್ಲಿ ಗಬ್ಬೂರು ಸಿಗುತ್ತದೆ. ಶಾಸನಗಳಲ್ಲಿ ಇದೇ ಹಿರಿಯ ಗೊಬ್ಬೂರು, ಒಂದು ಕಾಲಕ್ಕೆ ವಿದ್ಯೆಗೆ ಹೆಸರಾದ ಊರು. ಹಳೆಯ ಗುಡಿಗಳ ಕಲ್ಲಿಗೆ ಇಂದು ಮಕ್ಕಳು ಬೆನ್ನು ಆನಿಸಿ ಕೂರುತ್ತಾರೆ.

ಈ ಸೀಮೆಯ ಯಾವ ಹಳ್ಳಿಯಲ್ಲಾದರೂ ಸುಗ್ಗಿ ಮುಗಿದ ಮೇಲೆ ಒಂದು ಸುತ್ತು ಹಾಕಿ. ಸಾಲು ಮನೆಗಳಿಗೆ ಬೀಗ. ಬೀಗಕ್ಕೆ ಧೂಳು ಹೋಗದಂತೆ ಸೀರೆಯ ಚಿಂದಿ ಸುತ್ತಿರುತ್ತದೆ. ಕಟ್ಟೆಯ ಮೇಲೆ ಒಬ್ಬ ಮುದುಕಿ, ಪಕ್ಕದಲ್ಲಿ ಮೊಮ್ಮಗ. ಮಿಕ್ಕವರೆಲ್ಲ ಕೂಲಿ ಅರಸಿ ಗುಳೆ ಹೋಗಿದ್ದಾರೆ: ಬೆಂಗಳೂರು, ಪುಣೆ, ಹೈದರಾಬಾದು. ಕೃಷ್ಣೆ, ತುಂಗಭದ್ರೆ ಎರಡೂ ಇರುವ ಜಿಲ್ಲೆಯ ಮಾತು ಇದು! ಈ ಎರಡು ನದಿಗಳ ನಡುವಿನ ದೋಆಬಿಗಾಗಿ 1520ರಲ್ಲಿ ಕೃಷ್ಣದೇವರಾಯ ಯುದ್ಧ ಮಾಡಿದ. ಈಗ ಇಲ್ಲಿನವರೇ ನೆಲ ಬಿಟ್ಟು ನಡೆಯುತ್ತಾರೆ.

2011ರ ಜನಗಣತಿ ನಮ್ಮ ರಾಯಚೂರು ಜಿಲ್ಲೆಗೆ 19,28,812 ಮಂದಿ ಎಂದಿತು. ಆದರೆ ಎಣಿಕೆ ನಡೆದದ್ದು ಫೆಬ್ರವರಿಯಲ್ಲಿ, ಗುಳೆಯ ನಡುಗಾಲದಲ್ಲಿ. ಆ ದಿನಗಳಲ್ಲೆಲ್ಲ ಹೊರಗಿದ್ದವರನ್ನು ಊರಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರು ಎಣಿಕೆಗೆ ಸಿಕ್ಕರೆ ತಾವು ದುಡಿಯುವ ಕಟ್ಟಡದ ಶೆಡ್ಡಿನಲ್ಲೇ ಸಿಗಬೇಕು. ಇಲ್ಲಿನ ಹಳ್ಳಿಯೊಂದು ಚಿಕ್ಕದೋ ದೊಡ್ಡದೋ ಎಂಬುದು ಎಣಿಸುವ ತಿಂಗಳ ಮೇಲೆ ನಿಂತಿದೆ ಅನಿಸುತ್ತದೆ ನನಗೆ.

ಮುಂದಿನ ಎಣಿಕೆಯೂ 2027ರ ಫೆಬ್ರವರಿಯಲ್ಲೇ. ಮನೆಯವರು ಗುಳೆ ಹೋಗಿದ್ದರೆ ಫೋನು ಮಾಡಿ, ಇದ್ದಲ್ಲೇ ಹೆಸರು ಬರೆಸಲು ಹೇಳಿ.